ಕಾರ್ಬುರೇಟರ್ ಕೂರಿಸಿದ ಮಿಸ್ತ್ರಿ

“ಗುರುಗಳೇ, ನಂಬಿ ಬಂದವರ ಎದುರಿಗೆ ‘ನನಗೆ ಗೊತ್ತಿಲ್ಲ’ ಎಂದುಬಿಟ್ಟರೆ ಅವರ ನಂಬಿಕೆ ಮುರಿಯುವುದಿಲ್ಲವೇ?”

ಹೀಗೆ ಕೇಳಿದವನು ಮರುಳಯ್ಯ. ಮಠಕ್ಕೆ ಬರುವ ಕಾಮಾಲೆಯವರಿಗೆ ನಾಲ್ಕು ವರ್ಷದಿಂದ ಬೇರು ತೇದು ಕೊಡುತ್ತಿದ್ದವನು ಅವನೇ. ಆ ದಿನ ಹೊರಗಿನ ಜಗಲಿಯ ಮೇಲೆ ಒಬ್ಬ ಬಂದು ಕೂತಿದ್ದ. ಆತನ ಕಣ್ಣು ಹಳದಿಯಾಗಿರಲಿಲ್ಲ, ಉಗುರೂ ಹಳದಿಯಾಗಿರಲಿಲ್ಲ. ಊಟ ಸೇರುತ್ತಿರಲಿಲ್ಲ, ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದ, ಅಷ್ಟೇ. ಮರುಳಯ್ಯ ಎರಡು ಸಲ ನಾಡಿ ಹಿಡಿದ, ಮೂರು ಸಲ ನಾಲಿಗೆ ನೋಡಿದ. ಏನೂ ತಿಳಿಯಲಿಲ್ಲ. “ಆಸ್ಪತ್ರೆಗೆ ಹೋಗು ಅಂದ್ರು ಮನೇಲಿ. ನಾನು ನಿಮ್ಮನ್ನ ನಂಬ್ಕೊಂಡು ಇಲ್ಲಿಗೆ ಬಂದೆ ಬುದ್ಧಿ” ಎಂದು ಆತ ಕೈ ಮುಗಿದಿದ್ದ. ಕಲ್ಲಿನ ಮೇಲೆ ಬೇರನ್ನು ಅರ್ಧ ತೇದು, ಒದ್ದೆ ಕೈಯಲ್ಲೇ ಮರುಳಯ್ಯ ಒಳಗೆ ಬಂದಿದ್ದ.

ಗುರುಗಳು ಒಗೆದ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

“ಆತನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಬಾ. ಆಮೇಲೆ ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ. ಸನ್ಯಾಸಿಗೆ ಕಾರಿನ ಗೊಡವೆ ಏಕೆ ಎಂದು ನಗಬೇಡ. ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಮಿಸ್ತ್ರಿ ಹೇಳಿದ್ದು ಇದು, ಅವನದೇ ಕತೆ. ಬಸ್ಸು ಎರಡು ಗಂಟೆ ತಡವಾಗಿತ್ತು, ಹಾಗಾಗಿ ಏನನ್ನೂ ಮುಚ್ಚಿಡದೆ ಹೇಳಿದ. ಎಂಜಿನ್ನಿನ ವಿಷಯವನ್ನಂತೂ ನನಗೆ ಅರ್ಥವಾಗುವವರೆಗೆ ಬಿಡಲಿಲ್ಲ.”

ಮರುಳಯ್ಯ ಮಜ್ಜಿಗೆ ಕೊಟ್ಟು ಬಂದು ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಕಾರು ರಿಪೇರಿ ಅವನ ಕಸುಬು. ಕೆಟ್ಟ ಗಾಡಿ ಬಂದರೆ ಅವನು ಮೊದಲು ಬಿಚ್ಚುತ್ತಿರಲಿಲ್ಲ, ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಇಂಥ ಕಡೆ ಇಂಥದ್ದು ಹೋಗಿದೆ ಎನ್ನುತ್ತಿದ್ದ. ಬಿಚ್ಚಿದರೆ ಅಲ್ಲಿ ಅದೇ ಇರುತ್ತಿತ್ತು.

ಕಾರ್ಬುರೇಟರ್ ಎಂದರೆ ಅವನಿಗೆ ಪ್ರಾಣ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನ ಅದು. ಅದಕ್ಕೆ ಒಂದು ಪುಟ್ಟ ತಿರುಪು ಇರುತ್ತದೆ, ಹದವೆಲ್ಲ ಅದರಲ್ಲೇ. ಬೇರೆಯವರು ಅದನ್ನು ಅರ್ಧ ಸುತ್ತು ತಿರುಗಿಸಿ ಕೈ ಒರೆಸಿಕೊಂಡರೆ, ಇವನು ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು, ಮತ್ತೆ ಅಷ್ಟೇ ತಿರುಗಿಸುವುದು. ಅಡುಗೆ ಬಲ್ಲವರು ಉಪ್ಪು ಹಾಕಿದ ಹಾಗೆ ಅವನ ಕೆಲಸ. ಊರಿನವರು ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಗಾಡಿಯನ್ನು ಅವನ ಅಂಗಳಕ್ಕೆ ತಂದು ನಿಲ್ಲಿಸುತ್ತಿದ್ದರು. ಅವನು ಎಂಜಿನ್ನಿಗೆ ಕಿವಿಗೊಟ್ಟು, “ಹೋಗಿ ಬನ್ನಿ” ಎನ್ನಬೇಕು. ಅಂದ ಮೇಲೆಯೇ ಹೆಂಗಸರು ಮಕ್ಕಳು ಗಾಡಿ ಹತ್ತುವುದು. ಇದಕ್ಕೆ ಅವನು ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆ ನಡೆಯಿತು. ಮೂವತ್ತು ವರ್ಷ ಜನರಿಗೆ “ಹೋಗಿ ಬನ್ನಿ” ಎಂದು ಅಪ್ಪಣೆ ಕೊಟ್ಟವನ ನಾಲಿಗೆ ಬೇರೆ ಮಾತಿಗೆ ಹೊರಳುವುದನ್ನು ಮರೆತಿತ್ತು.

ಆಮೇಲೆ ಕಾಲ ಬದಲಾಯಿತು. ಕಾರ್ಬುರೇಟರ್ ಇಲ್ಲದ ಗಾಡಿಗಳು ಬಂದವು. ಅವುಗಳಲ್ಲಿ ಪೆಟ್ರೋಲನ್ನು ಸೂಜಿಮೊನೆಯಷ್ಟು ತೂತಿನಿಂದ ಎಂಜಿನ್ನಿಗೆ ಚಿಮ್ಮಿಸುತ್ತಾರೆ. ಅದಕ್ಕೆ ಇಂಜೆಕ್ಷನ್ ಎನ್ನುತ್ತಾರೆ. ಯಾವಾಗ ಎಷ್ಟು ಚಿಮ್ಮಬೇಕು ಎಂದು ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ. ಅದಕ್ಕೆ ತಿರುಪಿಲ್ಲ. ಅದರ ಮಾತನ್ನು ಕಿವಿಯಿಂದ ಕೇಳುವುದಕ್ಕೂ ಆಗುವುದಿಲ್ಲ. ಕೇಳಬೇಕಾದರೆ ಇನ್ನೊಂದು ಯಂತ್ರವನ್ನು ಜೋಡಿಸಬೇಕು. ಬೈಪಾಸ್ ರಸ್ತೆಯಲ್ಲಿ ಅಂಥ ಯಂತ್ರ ಇಟ್ಟ ಹೊಸ ಗ್ಯಾರೇಜೊಂದು ತೆರೆಯಿತು. ಮಿಸ್ತ್ರಿ ಆ ಕಡೆ ತಲೆ ಹಾಕಲಿಲ್ಲ. ಹೊಸ ಗಾಡಿಗಳು ಬಂದರೆ ಬ್ರೇಕು, ಕ್ಲಚ್ಚು, ಟೈರು ನೋಡಿ ಕಳಿಸುತ್ತಿದ್ದ. ಎಂಜಿನ್ನಿನ ತಂಟೆಗೆ ಹೋಗುತ್ತಿರಲಿಲ್ಲ. ಬಾನೆಟ್ ಎತ್ತಿದಾಗಲೆಲ್ಲ ಆ ಪೆಟ್ಟಿಗೆ ಕಣ್ಣಿಗೆ ಬೀಳುತ್ತಿತ್ತು, ಅವನಿಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಅವನಿಗೆ ಒಬ್ಬ ಗೆಳೆಯ, ಹೂವಿನ ವ್ಯಾಪಾರಿ. ನಸುಕಿನಲ್ಲೇ ಸೇವಂತಿಗೆ, ಕನಕಾಂಬರ ತುಂಬಿಕೊಂಡು ಪಟ್ಟಣದ ಮಾರುಕಟ್ಟೆಗೆ ಹೋಗಿ, ಬಿಸಿಲೇರುವ ಹೊತ್ತಿಗೆ ಊರಿಗೆ ಹಿಂದಿರುಗುತ್ತಿದ್ದ. ಮೊದಲ ಗಾಡಿಯಿಂದಲೂ ಮಿಸ್ತ್ರಿಯೇ ಅವನ ಗಾಡಿಗಳ ವೈದ್ಯ. ನಾಲ್ಕು ಜನರ ಮುಂದೆ ಅವನು ಮಿಸ್ತ್ರಿಯ ಭುಜ ತಟ್ಟಿ, “ಇವನ ಕೈ ತಾಗಿದ್ರೆ ಸಾಕು, ಗಾಡಿ ಹೇಳಿದ ಮಾತು ಕೇಳುತ್ತೆ” ಎನ್ನುತ್ತಿದ್ದ. ಅವನು ಕೊಂಡ ಕೊನೆಯ ಕಾರು ಮಾತ್ರ ಇಂಜೆಕ್ಷನ್ನಿನದು. ಒಂದು ದಿನ ಅದು ನಡುರಸ್ತೆಯಲ್ಲಿ ತಾನಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ತಾನಾಗಿ ಹೊರಟಿತು. ಮರುದಿನವೂ ಹಾಗೆಯೇ ಆಯಿತು. ಸ್ಟಿಯರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡದ್ದು ಆರಲೇ ಇಲ್ಲ.

ವ್ಯಾಪಾರಿ ಗಾಡಿಯನ್ನು ಮಿಸ್ತ್ರಿಯ ಅಂಗಳಕ್ಕೆ ತಂದ. ಮಿಸ್ತ್ರಿ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದ. ಎಂಜಿನ್ನು ಸರಿಯಾಗಿಯೇ ಇತ್ತು. ಕಿವಿಗೆ ಏನೂ ಹೇಳಲಿಲ್ಲ. ಪ್ಲಗ್ ತೆಗೆದು ನೋಡಿದ, ಗಾಳಿಯ ದಾರಿಯನ್ನು ತೊಳೆದ, ಪೆಟ್ರೋಲ್ ಸೋಸುವ ಫಿಲ್ಟರನ್ನು ಬದಲಿಸಿದ. ಮೂರು ದಿನ ಹೀಗೆ ತಡಕಾಡಿದ. ನೀನು ಮೂರು ಸಲ ನಾಲಿಗೆ ನೋಡಿದೆಯಲ್ಲ, ಹಾಗೆ. ದೀಪ ಆರಲಿಲ್ಲ.

ನಾಲ್ಕನೆಯ ದಿನ ವ್ಯಾಪಾರಿ ಬಂದು ಪಕ್ಕದಲ್ಲಿ ಕೂತ. ಅವನು ಒಳ್ಳೆಯವನು, ಗೆಳೆಯನ ಮುಖ ನೋಡಿದರೆ ಸಾಕು, ಕಷ್ಟ ಅವನಿಗೆ ತಿಳಿಯುತ್ತಿತ್ತು.

“ಆಗುತ್ತೆ ಅಂದ್ರೆ ಆಗುತ್ತೆ ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ನೀನು ಹೂಂ ಅಂದ್ರೆ ಬೈಪಾಸಿನೋರ ಹತ್ರ ಒಂದ್ಸಲ ತೋರಿಸ್ತೀನಿ. ನೀನು ಬೇಡ ಅಂದ್ರೆ ಆ ಕಡೆ ತಿರುಗೀನೂ ನೋಡಲ್ಲ.”

ಇಷ್ಟು ಮೃದುವಾಗಿ ಯಾರೂ ಯಾರನ್ನೂ ಕೇಳುವುದಿಲ್ಲ. ‘ನನಗೆ ಇದು ಗೊತ್ತಿಲ್ಲ ಕಣೋ, ಅಲ್ಲಿಗೇ ಹೋಗು’ ಎಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ನಿನಗೆ ಬೇರೆ ಯಾವುದಾದರೂ ಕತೆ ಹುಡುಕಬೇಕಾಗುತ್ತಿತ್ತು. ಮಾತು ಮಿಸ್ತ್ರಿಯ ಬಾಯಿಯವರೆಗೂ ಬಂತು. ಮೂವತ್ತು ವರ್ಷದಿಂದ ತನ್ನನ್ನು ನಂಬಿದವನ ಮುಖ ಎದುರಿಗಿತ್ತು. ಈ ಮುಖ ಒಂದು ಗಳಿಗೆ ಬಾಡಿದರೂ ತಾನು ತಡೆಯಲಾರೆ ಎನಿಸಿತು.

“ಈ ಕಂಪ್ಯೂಟರ್ ಸಹವಾಸವೇ ಬೇಡ. ಎಲ್ಲಾ ಕಿತ್ತಾಕಿ ಕಾರ್ಬುರೇಟರ್ ಕೂರಿಸಿಬಿಡ್ತೀನಿ. ಆಮೇಲೆ ನೀನುಂಟು, ನಾನುಂಟು” ಎಂದ.

ವ್ಯಾಪಾರಿ ನಕ್ಕು, ಕೀಲಿಕೈಯನ್ನು ಅವನ ಮಡಿಲಿಗೆ ಹಾಕಿ ಎದ್ದು ಹೋದ.

ಹನ್ನೊಂದು ದಿನ ಮಿಸ್ತ್ರಿ ಅನ್ನ ನೀರಿನ ಪರಿವೆ ಇಲ್ಲದೆ ದುಡಿದ. ಅದೇ ಎಂಜಿನ್ನಿನ ಹಳೆಯ ಮಾದರಿಗೆ ಕಾರ್ಬುರೇಟರ್ ಇತ್ತು. ಗುಜರಿ ಅಂಗಡಿಗಳನ್ನು ಸುತ್ತಿ ಅದನ್ನೂ, ಕಿಡಿ ಹಂಚುವ ಹಳೆಯ ಭಾಗವನ್ನೂ ಹುಡುಕಿ ತಂದ. ಕಾರ್ಬುರೇಟರ್ ಕೂರಲು ತಕ್ಕ ಲೋಹದ ಪೀಠವನ್ನು ಲೇತ್ ಅಂಗಡಿಯಲ್ಲಿ ನಿಂತು ಮಾಡಿಸಿದ. ಪೆಟ್ಟಿಗೆಯನ್ನು ಬಿಚ್ಚಿದ, ಚಿಮ್ಮುವ ಸೂಜಿಗಳನ್ನು ತೆಗೆದ. ಆರನೆಯ ದಿನ ತಂತಿಗಳ ಕಟ್ಟನ್ನು ಎಳೆದು ತೆಗೆಯುವಾಗ ಅವನ ಕೈ ನಿಂತಿತು. ಒಂದು ತಂತಿಯ ಮೇಲ್ಹೊದಿಕೆಯನ್ನು ಇಲಿ ಕಡಿದಿತ್ತು. ಒಳಗಿನ ತಾಮ್ರದ ಎಳೆಗಳು ತುಂಡಾಗಿ, ಗಾಡಿ ಕುಲುಕಿದಾಗ ಒಮ್ಮೆ ಸೇರಿ ಒಮ್ಮೆ ಬಿಡುತ್ತಿದ್ದವು. ಕೆಟ್ಟದ್ದು ಅದೊಂದೇ. ಎಳೆಗಳನ್ನು ಹೊಸೆದು ನಾಲ್ಕು ಸುತ್ತು ಟೇಪು ಸುತ್ತಿದ್ದರೆ ಸಾಕಿತ್ತು.

ಆಗಲೂ ಹೊತ್ತು ಮೀರಿರಲಿಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಗೆಳೆಯನಿಗೆ, ‘ತಂತಿ ತುಂಡಾದದ್ದು ತಿಳಿಯದೆ ಎಂಜಿನ್ನನ್ನೇ ಬಗೆದೆ’ ಎನ್ನಬೇಕು. ಮಿಸ್ತ್ರಿ ಆ ತಂತಿಯನ್ನು ಬಹಳ ಹೊತ್ತು ಬೆರಳಿನಲ್ಲಿ ಹಿಡಿದು ಕೂತಿದ್ದ. ಕಣ್ಣಲ್ಲಿ ನೀರು ಬಂತು ಎಂದು ನನಗೆ ಹೇಳಿದ. ಆಮೇಲೆ ಕಟ್ಟನ್ನು ಸುತ್ತಿ ಗುಜರಿಗೆ ಎಸೆದು, ಕೆಲಸ ಮುಂದುವರಿಸಿದ.

ಇನ್ನು ಪೆಟ್ರೋಲ್ ಪಂಪಿನ ವಿಷಯ. ಇದನ್ನು ಸರಿಯಾಗಿ ಕೇಳು. ಮಿಸ್ತ್ರಿ ಕಲಿತ ಹಳೆಯ ಗಾಡಿಗಳಲ್ಲಿ ಪಂಪನ್ನು ನಡೆಸುತ್ತಿದ್ದದ್ದು ಎಂಜಿನ್ನೇ. ಎಂಜಿನ್ನು ನಿಂತರೆ ಪಂಪೂ ನಿಂತಿತು, ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸ ಎಂಜಿನ್ನಿನಲ್ಲಿ ಅಂಥ ಪಂಪಿಗೆ ಜಾಗವೇ ಇಲ್ಲ. ಕರೆಂಟಿನ ಪಂಪು ಹಾಕಬೇಕು. ಗಾಡಿಯ ಜೊತೆಗೆ ಬಂದ ಪಂಪಿನ ಒತ್ತಡ ಕಾರ್ಬುರೇಟರಿಗೆ ವಿಪರೀತ ಎಂದು ಮಿಸ್ತ್ರಿಗೆ ತಿಳಿದಿತ್ತು. ಅದನ್ನು ಬಿಟ್ಟು, ಮೆಲ್ಲಗೆ ತಳ್ಳುವ ಇನ್ನೊಂದು ಸಣ್ಣ ಪಂಪನ್ನು ಟ್ಯಾಂಕಿನ ಬಳಿ ಕೂರಿಸಿದ. ಅದರ ತಂತಿಯನ್ನು ನೇರ ಕೀಲಿಗೆ ಕೊಟ್ಟ. ಕೀಲಿ ತಿರುಗಿಸಿದರೆ ಪಂಪು ಓಡುತ್ತದೆ, ಕೀಲಿ ತೆಗೆದರೆ ನಿಲ್ಲುತ್ತದೆ. ಮನೆಯ ದೀಪಕ್ಕೆ ಸ್ವಿಚ್ಚು ಕೊಟ್ಟಷ್ಟು ಸರಳ.

ಕೀಲಿ ತೆಗೆಯದೆ ಎಂಜಿನ್ನು ನಿಂತರೆ? ಅದಕ್ಕೆ ಆ ಪೆಟ್ಟಿಗೆ ಇತ್ತು. ಎಂಜಿನ್ನು ನಿಂತ ಮರುಗಳಿಗೆ ಅದು ಪಂಪನ್ನೂ ನಿಲ್ಲಿಸುತ್ತಿತ್ತು. ಅದು ಸದ್ದಿಲ್ಲದೆ ಮಾಡುತ್ತಿದ್ದ ಹತ್ತು ಕೆಲಸಗಳಲ್ಲಿ ಇದೂ ಒಂದು. ಮಿಸ್ತ್ರಿಗೆ ಇದು ಗೊತ್ತಿರಲಿಲ್ಲ. ಹಳೆಯ ಗಾಡಿಯಲ್ಲಿ ಏಳದ ಪ್ರಶ್ನೆ, ಹೊಸ ಗಾಡಿಯಲ್ಲಿ ಪೆಟ್ಟಿಗೆ ಮೊದಲೇ ಉತ್ತರಿಸಿದ್ದ ಪ್ರಶ್ನೆ. ಅವನಿಗೆ ಅದು ಹೊಳೆಯಲೇ ಇಲ್ಲ. ಕೇಳೋಣವೆಂದರೆ ಅವನು ಯಾರನ್ನೂ ಏನನ್ನೂ ಕೇಳುವವನಲ್ಲ.

ಹನ್ನೆರಡನೆಯ ದಿನ ಎಂಜಿನ್ನು ಹಾಡಿದ ಹಾಗೆ ಹೊರಟಿತು. ಹಳದಿ ದೀಪ ಹತ್ತಲಿಲ್ಲ. ಹತ್ತಿಸುವ ಪೆಟ್ಟಿಗೆಯೇ ಇರಲಿಲ್ಲ. ವ್ಯಾಪಾರಿ ಗಾಡಿಗೆ ಹೂವಿನ ಹಾರ ಹಾಕಿ ಊರೆಲ್ಲ ಸುತ್ತಿಸಿದ. ಎಂಟು ತಿಂಗಳು ಗಾಡಿ ಒಂದು ದಿನವೂ ತಕರಾರು ಮಾಡಲಿಲ್ಲ. ಕಂಪ್ಯೂಟರನ್ನೇ ಸೋಲಿಸಿದವನು ಎಂದು ಜನ ಮಿಸ್ತ್ರಿಯನ್ನು ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಗಿತ್ತು, ಅದನ್ನೂ ಅವನೇ ಹೇಳಿದ.

ಒಂದು ದಿನ ವ್ಯಾಪಾರಿ ಮಾರುಕಟ್ಟೆಯಿಂದ ಹಿಂದಿರುಗುತ್ತಿದ್ದ. ಎದುರಿಗೆ ಕುರಿಮಂದೆ ಬಂತು. ತಪ್ಪಿಸಲು ಹೋಗಿ ಗಾಡಿ ರಸ್ತೆ ಬಿಟ್ಟಿತು, ಪಕ್ಕದ ಒಣ ಕಾಲುವೆಗೆ ಜಾರಿ ಮಗ್ಗುಲಾಗಿ ಮಲಗಿತು. ಎಂಜಿನ್ನು ನಿಂತಿತು. ಅವನಿಗೆ ದೊಡ್ಡ ಗಾಯವೇನೂ ಆಗಲಿಲ್ಲ, ಒಂದು ಕಾಲು ಮಾತ್ರ ಸಿಕ್ಕಿಕೊಂಡಿತು. ರಸ್ತೆ ಕೆಲಸದವರು ಓಡಿ ಬಂದರು. ಒಬ್ಬ ಒಳಗೆ ಬಗ್ಗಿ ಕೀಲಿಗೆ ಕೈ ಹಾಕಿದ. ವ್ಯಾಪಾರಿ ತಡೆದ. ಗಾಡಿ ದಾರಿಯಲ್ಲಿ ನಿಂತರೆ ಏನನ್ನೂ ಮುಟ್ಟಬಾರದು, ಮೊದಲು ತನ್ನನ್ನು ಕರೆಯಬೇಕು ಎಂದು ಮಿಸ್ತ್ರಿ ತನ್ನ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದ. ವ್ಯಾಪಾರಿ ಜೇಬಿನಿಂದ ಫೋನು ತೆಗೆದು ಗೆಳೆಯನಿಗೇ ಮಾಡಿದ.

“ಗಾಡಿ ಮಗುಚಿಕೊಂಡಿದೆ ಕಣೋ. ಕಾಲು ಸಿಕ್ಕಾಕೊಂಡಿದೆ, ಜೀವಕ್ಕೇನಿಲ್ಲ. ಎಂಜಿನ್ ನಿಂತೋಗಿದೆ. ಗಾಬರಿ ಬೀಳದೆ ನಿಧಾನಕ್ಕೆ ಬಾ.”

“ಅದೇನೋ ಸದ್ದು ಕೇಳ್ತಿದೆಯಲ್ಲ, ಏನದು?”

“ಹಿಂದುಗಡೆ ಏನೋ ಟಿಕ್ ಟಿಕ್ ಅಂತಿದೆ. ನನಗೇನು ಗೊತ್ತು, ನೀನೇ ಬಂದು ಹೇಳು.”

ಮಿಸ್ತ್ರಿ ಸ್ಕೂಟರ್ ಹತ್ತಿದ. ಆ ಸದ್ದು ಕಿವಿಯಲ್ಲೇ ಉಳಿದಿತ್ತು. ಎರಡು ಮೈಲಿ ಹೋಗುವಷ್ಟರಲ್ಲಿ ಅದು ಏನೆಂದು ಅವನಿಗೆ ಗೊತ್ತಾಯಿತು. ಪಂಪು ಓಡುತ್ತಿತ್ತು. ಎಂಜಿನ್ನು ನಿಂತಿದೆ, ಕೀಲಿ ತೆಗೆದಿಲ್ಲ, ಪಂಪು ತಳ್ಳುತ್ತಲೇ ಇದೆ. ಮಗ್ಗುಲಾದ ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವುದಿಲ್ಲ, ಉಕ್ಕಿ ಕಾದ ಕಬ್ಬಿಣದ ಮೇಲೆ ಸುರಿಯುತ್ತದೆ. ಸ್ಕೂಟರನ್ನು ರಸ್ತೆಯ ಮೇಲೇ ಕೆಡವಿ ಫೋನು ಮಾಡಿದ. ಕೀಲಿ ತೆಗೆ ಎನ್ನಬೇಕು, ಎರಡೇ ಮಾತು. ಆ ಕಡೆ ಫೋನು ಬಡಿದುಕೊಂಡಿತು. ಯಾರೂ ಎತ್ತಲಿಲ್ಲ.

ಅವನು ಹೋಗಿ ತಲುಪುವಷ್ಟರಲ್ಲಿ ರಸ್ತೆ ಕೆಲಸದವರು ಮಣ್ಣೆರಚಿ ಬೆಂಕಿಯನ್ನು ಆರಿಸಿದ್ದರು. ಅದರಲ್ಲಿ ಇಬ್ಬರ ಕೈ ಸುಟ್ಟಿತ್ತು. ಗೆಳೆಯ ಉಳಿದಿರಲಿಲ್ಲ. ಮಿಸ್ತ್ರಿ ಕಾಲುವೆಯ ದಂಡೆಯ ಮೇಲೆ ಕೂತು, ಮಕ್ಕಳು ಅಳುವ ಹಾಗೆ ದನಿ ತೆಗೆದು ಅತ್ತ. ಸ್ನೇಹ ಎಂದರೆ ಇದು ಎಂದು ನೋಡಿದವರು ಅಂದುಕೊಂಡರು. ಸ್ನೇಹವೂ ಇತ್ತು, ಸುಳ್ಳಲ್ಲ.

ಹದಿಮೂರು ದಿನ ಅವನು ನಿದ್ದೆ ಮಾಡಲಿಲ್ಲ. ಹೇಳಿಬಿಡಬೇಕು ಎಂದು ತೀರ್ಮಾನಿಸಿದ. ಹೇಗೆ ಹೇಳಬೇಕೆಂದು ಒಬ್ಬನೇ ಕೂತು ಮಾತು ಜೋಡಿಸಿಕೊಂಡ. ವೈಕುಂಠ ಸಮಾರಾಧನೆಯ ದಿನ ಆ ಮನೆಗೆ ಹೋದ. ಊಟದ ಗದ್ದಲ ಮುಗಿದ ಮೇಲೆ ವ್ಯಾಪಾರಿಯ ಹೆಂಡತಿಯೇ ಅವನ ಹತ್ತಿರ ಬಂದಳು. ಆಕೆಯ ಮುಖದಲ್ಲಿ ಅಳು ಇರಲಿಲ್ಲ, ಹೆದರಿಕೆ ಇತ್ತು.

“ಅಣ್ಣಾ, ನಿಮ್ಮನ್ನ ಬಿಟ್ಟು ಯಾರನ್ನೂ ಕೇಳಕ್ಕಾಗಲ್ಲ. ಆವತ್ತು ಮಾರ್ಕೆಟ್ಟಿಂದ ಬರ್ತಾ ದೇವಸ್ಥಾನಕ್ಕೆ ಹೋಗ್ಬನ್ನಿ ಅಂತ ಕರ್ಪೂರ, ಬೆಂಕಿಪೊಟ್ಟಣ ಗಾಡೀಲಿ ಇಟ್ಟೋಳು ನಾನು. ಬೆಂಕಿ ಅದರಿಂದಲೇ ಹತ್ತಿಕೊಂಡಿತಾ? ಗಾಡಿ ವಿಷಯ ನಿಮಗೆ ಗೊತ್ತಿಲ್ದೇ ಇರೋದು ಏನಿದೆ, ಇದ್ದದ್ದು ಇದ್ದಂಗೆ ಹೇಳಿ.”

ಜೋಡಿಸಿಕೊಂಡು ಬಂದ ಮಾತೆಲ್ಲ ಬಾಯಲ್ಲಿತ್ತು. ಒಂದು ಮಾತು ಆಡಿದರೆ ಆ ಹೆಂಗಸಿನ ತಲೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. ಗಂಡ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದಳು.

“ನನಗೆ ಗೊತ್ತಿಲ್ಲ ತಾಯಿ” ಎಂದ ಮಿಸ್ತ್ರಿ.

ಆ ಮಾತನ್ನು ಅವನು ಜನ್ಮದಲ್ಲಿ ಆಡಿದ್ದು ಅದೇ ಮೊದಲು. ನಿಜವಾಗಿದ್ದಾಗ ಅದು ಅವನ ಬಾಯಿಂದ ಹೊರಡಲಿಲ್ಲ. ಸುಳ್ಳಾದಾಗ ಸಲೀಸಾಗಿ ಹೊರಟಿತು.

ಆಕೆ ತಲೆಯಾಡಿಸಿದಳು. “ನಿಮಗೇ ಗೊತ್ತಾಗಲಿಲ್ಲ ಅಂದ್ಮೇಲೆ ಗಾಡೀಲಿ ಏನೂ ದೋಷ ಇರಲಿಲ್ಲ ಅಂತಾಯ್ತು” ಎಂದಳು. ಒಳಗೆ ಹೋದಳು. ಅಂದಿನಿಂದ ಆಕೆ ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಳು. ಒಲೆ ಹಚ್ಚಬೇಕಾದರೂ ಮಗಳನ್ನು ಕರೆಯುತ್ತಾಳೆ, ತಾನು ಬೆಂಕಿಪೊಟ್ಟಣ ಮುಟ್ಟುವುದಿಲ್ಲ. ಊರಿನವರು ದೂರ ಹೊರಡುವಾಗ ಇಂದಿಗೂ ಗಾಡಿಯನ್ನು ಮಿಸ್ತ್ರಿಯ ಅಂಗಳಕ್ಕೆ ತರುತ್ತಾರೆ. ಅವನು ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿಯುತ್ತಾನೆ. ಅವನಿಗೆ ಎಲ್ಲ ಗಾಡಿಯಲ್ಲೂ ಅದೇ ಟಿಕ್ ಟಿಕ್ ಕೇಳುತ್ತದೆ. “ಹೋಗಿ ಬನ್ನಿ” ಎನ್ನುತ್ತಾನೆ.

ಗುರುಗಳು ನಿಲ್ಲಿಸಿದರು. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದರು. ಮರುಳಯ್ಯನ ಕೈ ಒಣಗಿತ್ತು. ಬೆರಳುಗಳ ಸಂದಿಯಲ್ಲಿ ಬೇರಿನ ಗಂಧ ಅಂಟಿಕೊಂಡಿತ್ತು. ಹೊರಗಿನ ಜಗಲಿಯಲ್ಲಿ ಆ ಮನುಷ್ಯ ಕೆಮ್ಮಿದ್ದು ಕೇಳಿಸಿತು.

“ಆಮೇಲಾದರೂ ಅವನು ಆಕೆಗೆ ನಿಜ ಹೇಳಿದನೇ?” ಎಂದು ಮರುಳಯ್ಯ ಕೇಳಿದ.

“ಅಲ್ಲಿ ಹೇಳಲಾಗದ್ದಕ್ಕೇ ನನಗೆ ಹೇಳಿದ. ನಾನು ಬರುತ್ತೇನೆ, ಇಬ್ಬರೂ ಹೋಗೋಣ, ಊರು ಯಾವುದು ಎಂದು ಕೇಳಿದೆ. ಅಷ್ಟರಲ್ಲಿ ಬಸ್ಸು ಬಂತು. ಊರಿನ ಹೆಸರು ಹೇಳದೆ ಹತ್ತಿ ಹೋದ.”

ಮರುಳಯ್ಯ ಬೆರಳಿಗೆ ಅಂಟಿದ ಗಂಧವನ್ನು ಉಜ್ಜುತ್ತಾ ಕೇಳಿದ: “ಹಾಗಾದರೆ ಆ ಮನೆಯವರ ನಂಬಿಕೆ?”

“ಗಂಡ ಅವನನ್ನು ನಂಬಿಕೊಂಡೇ ಸತ್ತ, ಹೆಂಡತಿ ಅವನನ್ನು ನಂಬಿಕೊಂಡೇ ಗಂಡನನ್ನು ಕೊಂದವಳು ತಾನು ಎಂದುಕೊಂಡಿದ್ದಾಳೆ; ನಂಬಿಕೆ ಮಾತ್ರ ಎಲ್ಲಿಯೂ ಮುರಿದಿಲ್ಲ, ಮಗು.”